ಎದೆಯುರಿ ಮತ್ತು ವಾಕರಿಕೆ: ಹರೆಯದವರು ನಿಭಾಯಿಸುವ ಕ್ರಮ

ಹಾಸನದಲ್ಲಿ ಔಷಧಿ ಅಂಗಡಿ ನಡೆಸುವ ನನ್ನ ಮುಂದೆ ದಿನವೂ ಬಂದು ನಿಲ್ಲುವ ಹರೆಯದವರಲ್ಲಿ ಬಹಳ ಮಂದಿ ಕೇಳುವುದು ಒಂದೇ ಮಾತು: "ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ." ಎದೆಯಲ್ಲಿ ಉರಿಯಿರುವವರು, ಬೆಳಿಗ್ಗೆ ಹಲ್ಲುಜ್ಜುವಾಗ ಓಕರಿಸುವವರು, ಹೊಟ್ಟೆ ಉಬ್ಬರಿಸಿಕೊಂಡವರು, ಪರೀಕ್ಷೆಯ ಭಯಕ್ಕೆ ಹೊಟ್ಟೆ ತೊಳಸುವವರು, ನಿಜಕ್ಕೂ ಎದೆನೋವು ಬಂದವರು, ಎಲ್ಲರೂ ಆಡುವುದು ಇದೇ ಮಾತನ್ನು. ಒಂದೇ ಹೆಸರಿನಲ್ಲಿ ನಾಲ್ಕೈದು ಬೇರೆಬೇರೆ ತೊಂದರೆಗಳು ಸೇರಿಹೋಗಿರುವುದರಿಂದ, ಯಾವುದಕ್ಕೆ ಏನು ಮಾಡಬೇಕೆಂಬುದೇ ಜನರಿಗೆ ತಿಳಿಯದಂತಾಗಿದೆ.

ಮೂಡಿಗೆರೆ ಕಡೆಯಿಂದ ಓದಲು ಬಂದು ನಮ್ಮ ಮನೆಯಲ್ಲಿ ಉಳಿದಿರುವ ನನ್ನ ಅಕ್ಕನ ಮಗನಿಗೆ ಈಗ 21 ವರ್ಷ. ಅವನು ನನಗೆ ತಿಳಿಯದಂತೆ ಬೇರೆ ಅಂಗಡಿಗಳಿಂದ ಐದು ತಿಂಗಳು ಮಾತ್ರೆ ತಂದು ನುಂಗಿದ್ದ. ಒಂದು ರಾತ್ರಿ ಹನ್ನೆರಡು ಗಂಟೆಯ ಮೇಲೆ ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುತ್ತಿದ್ದವನನ್ನು ಕೇಳಿದಾಗ, "ಮಾವ, ದಿನಾ ಮಾತ್ರೆ ತಗೊಂಡ್ರೂ ಉರಿ ಹೋಗ್ತಾನೇ ಇಲ್ಲ. ಬೆಳಿಗ್ಗೆ ಎದ್ರೆ ವಾಂತಿ ಬಂದ ಹಾಗಾಗತ್ತೆ" ಎಂದ. ಆ ಮೇಲಿನ ಎರಡು ತಿಂಗಳು ಅವನ ಜೊತೆ ಕುಳಿತು ಮಾಡಿದ ಕೆಲಸವೇ ಈ ಬರಹದ ಆಧಾರ. ನಾನು ವೈದ್ಯನಲ್ಲ, ಔಷಧಿಗಳನ್ನು ಬಲ್ಲವನು. ಆದ್ದರಿಂದ ವೈದ್ಯರು ನೋಡಲೇಬೇಕಾದ ಸಂಗತಿಗಳನ್ನು ಮೊದಲು ಬೇರ್ಪಡಿಸಿ, ಉಳಿದದ್ದನ್ನು ಮನೆಯಲ್ಲಿ ಹೇಗೆ ನಿಭಾಯಿಸಬಹುದೆಂದು ಆಮೇಲೆ ಹೇಳುತ್ತೇನೆ.

ಗ್ಯಾಸ್ಟ್ರಿಕ್ ಅಲ್ಲದ್ದನ್ನು ಮೊದಲು ಬೇರ್ಪಡಿಸಿ

ಹಾಸನ ಜಿಲ್ಲೆಯವರಿಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಜಿಲ್ಲೆಯಲ್ಲಿ ಹರೆಯದವರೂ ಹೃದಯಾಘಾತದಿಂದ ಸಾಯುತ್ತಿದ್ದಾರೆಂಬ ಸುದ್ದಿ ಒಂದರ ಹಿಂದೊಂದು ಬಂದು, ಜನ ಭಯಬಿದ್ದು ತಪಾಸಣೆಗಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳಲ್ಲಿ ಅಸಹಜ ಏರಿಕೆಯಿಲ್ಲವೆಂದು ವರದಿ ಕೊಟ್ಟಿತು. ಆ ದಿನಗಳಲ್ಲಿ ಎದೆಯುರಿ ಇದ್ದವರೆಲ್ಲ ಹೃದಯದ ಕಾಯಿಲೆಯೆಂದು ಹೆದರಿದರು. ಈಗ ಭಯ ಇಳಿದ ಮೇಲೆ ಎದೆನೋವು ಬಂದವರೂ ಗ್ಯಾಸ್ಟ್ರಿಕ್ ಎಂದು ಸುಮ್ಮನಿರುತ್ತಾರೆ. ಇವೆರಡೂ ಅಪಾಯದ ದಾರಿಗಳೇ.

ಜಠರದ ಆಮ್ಲ, ಅಂದರೆ ಹುಳಿ, ಮೇಲೇರಿದ ಉರಿ ಸಾಮಾನ್ಯವಾಗಿ ಊಟದ ನಂತರ, ಬಗ್ಗಿದಾಗ ಅಥವಾ ಮಲಗಿದಾಗ ಎದೆಮೂಳೆಯ ಹಿಂದೆ ಶುರುವಾಗಿ ಗಂಟಲಿನ ಕಡೆಗೆ ಏರುತ್ತದೆ. ಬಾಯಿಗೆ ಹುಳಿ ಅಥವಾ ಕಹಿ ನೀರು ಬರುತ್ತದೆ. ಎದೆಯ ಮೇಲೆ ಭಾರ ಹೇರಿದಂತೆ, ಹಿಂಡಿದಂತೆ ಅನಿಸಿದರೆ, ಮೆಟ್ಟಿಲು ಹತ್ತುವಾಗ ಹೆಚ್ಚಾದರೆ, ನೋವು ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಿದರೆ, ಜೊತೆಗೆ ತಣ್ಣನೆಯ ಬೆವರು ಮತ್ತು ಉಸಿರುಗಟ್ಟುವಿಕೆ ಇದ್ದರೆ, ವಯಸ್ಸು ಇಪ್ಪತ್ತೇ ಆಗಿದ್ದರೂ 108ಕ್ಕೆ ಕರೆಮಾಡಿ ಇಸಿಜಿ ಇರುವ ಆಸ್ಪತ್ರೆಗೆ ಹೋಗಬೇಕು. "ಆಂಟಾಸಿಡ್ ಕುಡಿದೆ, ಕಡಿಮೆಯಾಯಿತು, ಆದ್ದರಿಂದ ಹೃದಯದ್ದಲ್ಲ" ಎಂಬ ಲೆಕ್ಕ ತಪ್ಪು. ಹೃದಯದ ನೋವೂ ಕೆಲವೊಮ್ಮೆ ತಾನಾಗಿ ಇಳಿದಂತೆ ತೋರುತ್ತದೆ.

ರಕ್ತವಾಂತಿ, ಕಾಫಿ ಚರಟದ ಬಣ್ಣದ ವಾಂತಿ, ಟಾರಿನಂತೆ ಕಪ್ಪಾದ ಮಲ (ಕಬ್ಬಿಣದ ಮಾತ್ರೆ ನುಂಗುವವರಿಗೆ ಮಲ ಕಪ್ಪಾಗುವುದು ಸಹಜ, ಅದು ಬೇರೆ), ಅನ್ನ ಗಂಟಲಿನಿಂದ ಕೆಳಗಿಳಿಯದೆ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನೀರೂ ನಿಲ್ಲದಷ್ಟು ವಾಂತಿ, ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನ ಮಾತು ಬೇಡ. ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದರೆ ಅದು ಅಪೆಂಡಿಕ್ಸ್‌ನ ಉರಿಯೂತ ಇರಬಹುದು. ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ದೀರ್ಘ ಉಸಿರು ಒಟ್ಟಿಗೆ ಬಂದರೆ ಹರೆಯದವರಲ್ಲಿ ಕಾಣಿಸಿಕೊಳ್ಳುವ ಮೊದಲನೇ ಬಗೆಯ (ಟೈಪ್ 1) ಮಧುಮೇಹವನ್ನು ನೆನೆಯಬೇಕು. ಮೂತ್ರ ಅರಿಸಿನದಂತೆ ಹಳದಿಯಾಗಿ, ಅನ್ನದ ವಾಸನೆಗೇ ವಾಕರಿಕೆ ಬಂದರೆ ಅದು ಕಾಮಾಲೆ ಇರಬಹುದು. ಮಲೆನಾಡಿನ ತಾಲ್ಲೂಕುಗಳಲ್ಲಿ ಕಾಡಿಗೆ ಹೋಗಿಬಂದವರಿಗೆ, ಅದರಲ್ಲೂ ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ, ಜ್ವರ ಮತ್ತು ತಲೆನೋವಿನ ಜೊತೆ ವಾಂತಿ ಬಂದರೆ ಮಂಗನ ಕಾಯಿಲೆಯ ಪರೀಕ್ಷೆ ಮಾಡಿಸಲು ತಡಮಾಡಬಾರದು. ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪಿದ್ದು ಬೆಳಿಗ್ಗೆ ವಾಕರಿಕೆ ಬರುತ್ತಿದ್ದರೆ, ಯಾವ ಮಾತ್ರೆ ನುಂಗುವ ಮೊದಲೂ ಮೂತ್ರದ ಗರ್ಭಪರೀಕ್ಷೆ ಆಗಬೇಕು. ಕಿಟ್ ಕೇಳಲು ಅಂಗಡಿಯಲ್ಲಿ ಸಂಕೋಚಪಡುವ ಎಷ್ಟೋ ಹುಡುಗಿಯರು ಬದಲಿಗೆ ಗ್ಯಾಸ್ಟ್ರಿಕ್ ಮಾತ್ರೆ ಕೇಳಿ ಹೋಗುತ್ತಾರೆ. ಆ ಸಂಕೋಚ ಅವರಿಗೆ ಬರದಂತೆ ಮಾತಾಡುವುದು ಅಂಗಡಿಯವರ ಹೊಣೆ ಎಂದು ನಾನು ತಿಳಿದಿದ್ದೇನೆ.

ಹುಳಿ ಮೇಲೇರುವುದು ಯಾಕೆ

ಅನ್ನನಾಳ ಜಠರಕ್ಕೆ ಸೇರುವ ಕಡೆ ಬಿಗಿಯಾದ ಒಂದು ಸ್ನಾಯುವಿನ ಬಳೆ ಇದೆ. ನುಂಗಿದ ತುತ್ತಿಗೆ ಅದು ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಹೊಟ್ಟೆ ಬಿರಿಯುವಂತೆ ಉಂಡಾಗ ಜಠರದ ಮೇಲ್ಭಾಗ ಹಿಗ್ಗಿ, ನುಂಗದಿದ್ದರೂ ಆ ಬಳೆ ಆಗಾಗ ಸಡಿಲವಾಗುತ್ತದೆ. ತೇಗು ಬರುವುದೂ ಇದೇ ದಾರಿಯಲ್ಲಿ. ಆ ಹೊತ್ತಿನಲ್ಲಿ ಮಲಗಿದ್ದರೆ ನಿಂಬೆರಸದಷ್ಟು ಹುಳಿಯಿರುವ ಜಠರರಸ ಸಲೀಸಾಗಿ ಮೇಲೆ ಹರಿಯುತ್ತದೆ. ಜಠರದ ಒಳಗೋಡೆಗೆ ಆಮ್ಲ ತಡೆಯುವ ಲೇಪವಿದೆ, ಅನ್ನನಾಳಕ್ಕೆ ಅಂಥ ಲೇಪವಿಲ್ಲ. ಎಚ್ಚರವಿರುವಾಗ ನಾವು ನುಂಗುತ್ತಲೇ ಇರುವ ಎಂಜಲು ಆ ಹುಳಿಯನ್ನು ತೊಳೆದು ತಗ್ಗಿಸುತ್ತದೆ. ನಿದ್ದೆಯಲ್ಲಿ ಎಂಜಲೂ ನುಂಗುವುದೂ ಕಡಿಮೆಯಾಗುವುದರಿಂದ ರಾತ್ರಿ ಏರಿದ ಹುಳಿ ಬಹಳ ಹೊತ್ತು ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆಯ ಗಂಟಲುನೋವು, ಒಣಕೆಮ್ಮು, ಹಲ್ಲುಜ್ಜುವಾಗಿನ ಓಕರಿಕೆ, ಇವುಗಳ ಮೂಲ ಎಷ್ಟೋ ಸಲ ಹಿಂದಿನ ರಾತ್ರಿಯದು.

ಇದನ್ನು ಅರಿತರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನಮ್ಮ ಕಡೆ ಎದೆಯುರಿ ಎಂದ ಕೂಡಲೇ ಮೆಣಸಿನಕಾಯಿಯನ್ನು ದೂರುತ್ತಾರೆ, "ಉಷ್ಣವಾಗಿದೆ", "ಪಿತ್ತ ಏರಿದೆ" ಎಂದು ಪಥ್ಯ ಹೇಳುತ್ತಾರೆ. ಖಾರ ಕೆಲವರಿಗೆ ಆಗುವುದಿಲ್ಲ, ನಿಜ. ಆದರೆ ಹರೆಯದವರಲ್ಲಿ ನಾನು ಕಂಡಂತೆ ಏನು ತಿಂದರು ಎನ್ನುವುದಕ್ಕಿಂತ ಯಾವಾಗ, ಎಷ್ಟು ತಿಂದು, ಎಷ್ಟು ಹೊತ್ತಿಗೆ ಮಲಗಿದರು ಎನ್ನುವುದೇ ಹೆಚ್ಚು ಕೆಲಸ ಮಾಡುತ್ತದೆ.

ಎರಡು ವಾರ ಬರೆದಿಡಿ

ಆದ್ದರಿಂದ ಯಾವ ಪಥ್ಯಕ್ಕೂ ಮುನ್ನ ಒಂದು ಸಣ್ಣ ಪುಸ್ತಕ ತೆಗೆದುಕೊಂಡು 14 ದಿನ ಬರೆಯಬೇಕು: ಉಂಡ ಹೊತ್ತು, ಉಂಡದ್ದು ಮತ್ತು ಅಂದಾಜು ಪ್ರಮಾಣ, ಕಾಫಿ ಎಷ್ಟು ಲೋಟ, ಮಲಗಿದ ಹೊತ್ತು, ಉರಿ ಅಥವಾ ವಾಕರಿಕೆ ಬಂದ ಹೊತ್ತು, ಅದು ಸೊನ್ನೆಯಿಂದ ಹತ್ತರಲ್ಲಿ ಎಷ್ಟು. ನೋವಿನ ಮಾತ್ರೆ ನುಂಗಿದ್ದರೆ ಅದನ್ನೂ ಬರೆಯಬೇಕು, ಏಕೆಂದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್‌ಗಳು ಜಠರದ ಲೇಪವನ್ನೇ ಕೆಡಿಸುತ್ತವೆ. ಮೊಡವೆಗೆಂದು ಡಾಕ್ಸಿಸೈಕ್ಲಿನ್ ನುಂಗುವ ಹುಡುಗ ಹುಡುಗಿಯರು ಒಂದು ಗುಟುಕು ನೀರಿನಲ್ಲಿ ಅದನ್ನು ಇಳಿಸಿ ಕೂಡಲೇ ಮಲಗಿದರೆ ಕ್ಯಾಪ್ಸೂಲ್ ಅನ್ನನಾಳಕ್ಕೆ ಅಂಟಿಕೊಂಡು ಹುಣ್ಣು ಮಾಡಬಲ್ಲದು. ಅದಕ್ಕೆ ತುಂಬಿದ ಲೋಟ ನೀರು ಬೇಕು, ಮತ್ತೆ ಅರ್ಧ ಗಂಟೆ ನೆಟ್ಟಗೆ ಕುಳಿತಿರಬೇಕು.

ನನ್ನ ಅಕ್ಕನ ಮಗನ ಪುಸ್ತಕದಲ್ಲಿ ಕಂಡದ್ದೇನೆಂದರೆ, ಮಧ್ಯಾಹ್ನ ಮುದ್ದೆಯ ಜೊತೆ ಖಾರದ ಉಪ್ಸಾರು ಉಂಡ ದಿನ ಅವನಿಗೆ ಏನೂ ಆಗಿರಲಿಲ್ಲ. ಓದು ಮುಗಿಸಿ ಹತ್ತೂವರೆಗೆ ಗೋಬಿ ಮಂಚೂರಿ ಅಥವಾ ಬಿರಿಯಾನಿ ತಿಂದು ಹನ್ನೊಂದಕ್ಕೆ ಮೊಬೈಲ್ ಹಿಡಿದು ಮಲಗಿದ ಪ್ರತಿ ರಾತ್ರಿಯೂ ಏಳು, ಎಂಟು ಎಂದು ಬರೆದಿದ್ದ. ಆ ಪುಟಗಳನ್ನು ಅವನೇ ತಿರುವಿ ನೋಡಿದ ಮೇಲೆ ನಾನು ಉಪದೇಶ ಮಾಡುವ ಅಗತ್ಯ ಬೀಳಲಿಲ್ಲ.

ಊಟದ ಹೊತ್ತು ಮತ್ತು ಪ್ರಮಾಣ

ರಾತ್ರಿಯ ಊಟಕ್ಕೂ ಮಲಗುವುದಕ್ಕೂ ನಡುವೆ ಕನಿಷ್ಠ ಎರಡರಿಂದ ಮೂರು ಗಂಟೆ ಬಿಡಬೇಕು ಎಂಬುದು ಮೊದಲ ನಿಯಮ. ಹನ್ನೊಂದಕ್ಕೆ ಮಲಗುವವರು ಎಂಟರೊಳಗೆ ಉಣ್ಣಬೇಕು. ಹಾಸ್ಟೆಲ್ ಅಥವಾ ಪಿಜಿಯಲ್ಲಿ ಊಟ ಒಂಬತ್ತಕ್ಕೇ ಬಡಿಸುವುದಾದರೆ, ಸಂಜೆ ಆರಕ್ಕೆ ಇಡ್ಲಿಯನ್ನೋ ಅವಲಕ್ಕಿಯನ್ನೋ ತಿಂದು, ಒಂಬತ್ತರ ಊಟವನ್ನು ಅರ್ಧಕ್ಕಿಳಿಸುವುದು ನಡೆಯಬಲ್ಲ ದಾರಿ. ಮಧ್ಯಾಹ್ನ ಉಂಡ ಮೇಲೆ ಅಡ್ಡಾಗುವ ಅಭ್ಯಾಸವೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಪ್ರಮಾಣದ ವಿಷಯದಲ್ಲಿ ನಮ್ಮ ಸೀಮೆಯ ಊಟದ ರೀತಿಯನ್ನು ಸ್ವಲ್ಪ ನೋಡಬೇಕು. ರಾಗಿ ಮುದ್ದೆ ಒಳ್ಳೆಯ ಆಹಾರ, ಅದನ್ನು ಬಿಡಬೇಕಾಗಿಲ್ಲ; ಆದರೆ ಅಗಿಯದೆ ನುಂಗುವ ಎರಡು ದೊಡ್ಡ ಮುದ್ದೆ, ಅದರ ಮೇಲೆ ಅನ್ನ ಸಾರು, ಕೊನೆಗೆ ಮಜ್ಜಿಗೆ, ಇಷ್ಟೂ ಹತ್ತು ನಿಮಿಷದಲ್ಲಿ ಹೊಟ್ಟೆಗಿಳಿದರೆ ಜಠರ ಹಿಗ್ಗದೆ ಏನು ಮಾಡೀತು? ರಾತ್ರಿಗೆ ಒಂದು ಚಿಕ್ಕ ಮುದ್ದೆ, ಸೊಪ್ಪಿನ ಬಸ್ಸಾರು ಸಾಕು. ಎಣ್ಣೆಯಲ್ಲಿ ಕರಿದದ್ದು ಮತ್ತು ಕೊಬ್ಬಿನ ಮಾಂಸ ಜಠರದಿಂದ ಕೆಳಗಿಳಿಯಲು ಹೆಚ್ಚು ಹೊತ್ತು ಹಿಡಿಯುವುದರಿಂದ ಅವನ್ನು ಮಧ್ಯಾಹ್ನಕ್ಕೆ ತಳ್ಳುವುದು ಒಳ್ಳೆಯದು. ಅವರೆಕಾಯಿ ಕಾಲದಲ್ಲಿ ಹೊಟ್ಟೆ ಉಬ್ಬರಿಸುವವರು ಹಿತಕಿದ ಬೇಳೆಯ ಸಾರನ್ನು ರಾತ್ರಿ ಉಣ್ಣದೆ ಹಗಲಲ್ಲಿ ಉಂಡು ನೋಡಬೇಕು. ಹುಣಸೆ, ಟೊಮೆಟೊ, ಅಪ್ಪೆಮಿಡಿ ಉಪ್ಪಿನಕಾಯಿ, ಇವು ಕೆಲವರಿಗೆ ಮಾತ್ರ ಕಾಡುತ್ತವೆ. ನಿಮ್ಮ ಪುಸ್ತಕ ಹೇಳಿದರೆ ಬಿಡಿ, ನೆರೆಮನೆಯವರು ಹೇಳಿದರೆಂದು ಬಿಡಬೇಡಿ. ಬೇಕಾದದ್ದೂ ಬೇಡದ್ದೂ ಎಲ್ಲವನ್ನೂ ಬಿಟ್ಟು ಬರೀ ಮೊಸರನ್ನದಲ್ಲಿ ಬಾಡಿಹೋದ ಮಕ್ಕಳನ್ನು ನೋಡಿದ್ದೇನೆ, ಅದು ನನಗೆ ನೋವು ತರುತ್ತದೆ.

ಉರಿ ಬಂದಾಗ ನಿಂಬೆಸೋಡಾ, ಜೀರಾಸೋಡಾ ಕುಡಿದು ತೇಗುವುದು ಪೇಟೆಯ ರೂಢಿ. ತೇಗು ಬಂದ ಕ್ಷಣ ಹಗುರವೆನಿಸಿದರೂ ಆ ಗಾಳಿಯೇ ಜಠರವನ್ನು ಹಿಗ್ಗಿಸಿ ಬಳೆಯನ್ನು ಸಡಿಲಿಸುತ್ತದೆ. ತಣ್ಣನೆಯ ಹಾಲು ಸ್ವಲ್ಪ ಹೊತ್ತು ಉರಿಯನ್ನು ತಣಿಸಿ, ಆಮೇಲೆ ಜಠರ ಮತ್ತಷ್ಟು ಆಮ್ಲ ಸುರಿಸುವಂತೆ ಮಾಡಬಹುದು. ಪುದೀನ ತಂಪೆಂದು ಕುಡಿಯುವವರಿದ್ದಾರೆ, ಅದೂ ಬಳೆಯನ್ನು ಸಡಿಲಿಸುತ್ತದೆ. ಇವೆಲ್ಲಕ್ಕಿಂತ ಊಟವಾದ ಮೇಲೆ ಅರ್ಧ ಗಂಟೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯುವುದು ಮೇಲು. ಎಂಜಲು ಹೆಚ್ಚಿ ಅದೇ ಹುಳಿಯನ್ನು ತೊಳೆಯುತ್ತದೆ. ಬಿಗಿ ಜೀನ್ಸ್, ಬಿಗಿ ಬೆಲ್ಟು ಸಡಿಲಿಸಬೇಕು. ಸೊಂಟದ ಸುತ್ತ ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿಸಿದರೂ ಫಲ ಕಾಣುತ್ತದೆ. ಸಿಗರೇಟು ಮತ್ತು ಮದ್ಯ ಬಳೆಯನ್ನು ಸಡಿಲಿಸುತ್ತವೆ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಕಾಫಿಯ ಮಾತು

ಕಾಫಿ ಬೆಳೆಯುವ ಸೀಮೆಯಲ್ಲಿ ಕಾಫಿ ಬಿಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ಹಾಗೆ ಹೇಳಬೇಕಾಗಿಯೂ ಇಲ್ಲ. ಕಾಫಿ ಕೆಲವರಿಗೆ ಹುಳಿಯೇರಿಸುತ್ತದೆ, ಕೆಲವರಿಗೆ ಏನೂ ಮಾಡುವುದಿಲ್ಲ. ಆದರೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿ ಕುಡಿದು ಆಮೇಲೆ ವಾಕರಿಕೆಯೆಂದು ಕೂರುವವರು ಆ ಲೋಟವನ್ನು ತಿಂಡಿಯ ನಂತರಕ್ಕೆ ಸರಿಸಿ ಒಂದು ವಾರ ನೋಡಬೇಕು. ರೋಬಸ್ಟಾ ಬೀಜದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು ಇರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹಾಗಾಗಿ ಪುಡಿ ಕೊಳ್ಳುವಾಗ ಯಾವ ಬೀಜ ಎಷ್ಟು ಬೆರೆತಿದೆ ಎಂದು ಕೇಳಿ, ಅರೇಬಿಕಾ ಹೆಚ್ಚಿರುವುದನ್ನು ಕೊಂಡರೆ ಲೋಟದ ಸಂಖ್ಯೆ ಅದೇ ಇದ್ದರೂ ಹೊಟ್ಟೆಗೆ ಹೋಗುವ ಕೆಫೀನ್ ತಗ್ಗುತ್ತದೆ. ದಿನಕ್ಕೆ ಆರೇಳು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮರುದಿನವೇ ತಲೆನೋವು, ಜೊತೆಗೆ ಅದೇ ವಾಕರಿಕೆ ಶುರುವಾಗುತ್ತದೆ. ಮೂರು ನಾಲ್ಕು ದಿನಕ್ಕೊಂದು ಲೋಟದಂತೆ ಇಳಿಸಿ ಎರಡಕ್ಕೆ ನಿಲ್ಲಿಸಿ, ಸಂಜೆ ನಾಲ್ಕರ ನಂತರ ಬಿಡುವುದು ಸುಲಭದ ದಾರಿ. ನಮ್ಮ ಹುಡುಗ ಹೀಗೆಯೇ ಇಳಿಸಿದ. ತೋಟದಲ್ಲಿ ಹುಟ್ಟಿ ಬೆಳೆದವನು, ಬೆಳಗಿನ ಆ ಒಂದು ಲೋಟವನ್ನು ಕಿತ್ತುಕೊಂಡಿದ್ದರೆ ನನ್ನ ಉಳಿದ ಮಾತನ್ನೂ ಕೇಳುತ್ತಿರಲಿಲ್ಲ.

ಮಲಗುವ ರೀತಿ

ರಾತ್ರಿಯ ಉರಿಗೆ ಚೆನ್ನಾಗಿ ಕೆಲಸ ಮಾಡುವ ಎರಡು ಉಪಾಯಗಳಿವೆ, ಎರಡಕ್ಕೂ ಹೆಚ್ಚು ಖರ್ಚಿಲ್ಲ. ಮೊದಲನೆಯದು ಎಡಮಗ್ಗುಲಲ್ಲಿ ಮಲಗುವುದು. ಜಠರ ಎಡಕ್ಕೆ ಬಾಗಿರುವುದರಿಂದ, ಎಡಮಗ್ಗುಲಲ್ಲಿದ್ದಾಗ ಅನ್ನನಾಳದ ಬಾಯಿ ಆಮ್ಲದ ಮಟ್ಟಕ್ಕಿಂತ ಮೇಲಿರುತ್ತದೆ. ಬಲಮಗ್ಗುಲಲ್ಲಿ ಅದು ಮುಳುಗುತ್ತದೆ. ಎರಡನೆಯದು ಮಂಚದ ತಲೆಭಾಗವನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸುವುದು. ಎರಡು ಮೂರು ದಿಂಬು ಪೇರಿಸಿದರೆ ಕತ್ತು ಮಾತ್ರ ಬಾಗಿ ಹೊಟ್ಟೆ ಮಡಿಸಿಕೊಳ್ಳುತ್ತದೆ, ಉರಿ ಇನ್ನೂ ಹೆಚ್ಚಬಹುದು. ತಲೆಕಡೆಯ ಎರಡು ಕಾಲುಗಳ ಕೆಳಗೇ ಏನಾದರೂ ಇಡಬೇಕು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟರೆ ಜಾರುವ ಭಯವಿದೆ. ಬಡಗಿಯ ಹತ್ತಿರ ಅಷ್ಟು ಎತ್ತರದ ಎರಡು ಮರದ ತುಂಡು ಕೊಯ್ಯಿಸಿ, ಕಾಲು ಕೂರುವಷ್ಟು ಗುಳಿ ಮಾಡಿಸಿದರೆ ಭದ್ರ. ನೆಲದ ಮೇಲೆ ಹಾಸಿ ಮಲಗುವ ಹಾಸ್ಟೆಲ್ ಹುಡುಗರು ಕಂಬಳಿಗಳನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು, ಸೊಂಟದಿಂದ ತಲೆಯವರೆಗೆ ಇಳಿಜಾರು ಮಾಡಿಕೊಳ್ಳಬಹುದು.

ವಾಕರಿಕೆ ಬಂದಾಗ

ವಾಂತಿಯಾದ ಕೂಡಲೇ ಬಾಯಾರಿಕೆಯೆಂದು ಒಂದು ಚೊಂಬು ನೀರು ಕುಡಿದರೆ ಅದೂ ಹೊರಬರುತ್ತದೆ. ಹತ್ತು ಹದಿನೈದು ನಿಮಿಷ ಸುಮ್ಮನಿದ್ದು, ಆಮೇಲೆ ಒಂದೆರಡು ಚಮಚದಂತೆ, ಕೆಲವು ನಿಮಿಷಕ್ಕೊಮ್ಮೆ ಒಆರ್‌ಎಸ್ ಕುಡಿಯಬೇಕು. ಪ್ಯಾಕೆಟ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಮಟ್ಟದ ಟೀ ಚಮಚ ಉಪ್ಪು ಬೆರೆಸಬಹುದು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಹಲ್ಲನ್ನು ಕೂಡಲೇ ಉಜ್ಜಬಾರದು, ಆಮ್ಲದಿಂದ ಮೆತ್ತಗಾದ ಹಲ್ಲಿನ ಹೊರಪದರ ಉಜ್ಜಿದರೆ ಸವೆಯುತ್ತದೆ. ನೀರಿನಿಂದ ಮುಕ್ಕಳಿಸಿ ಅರ್ಧ ಗಂಟೆ ಕಾಯಬೇಕು. ಹೊಟ್ಟೆ ಸ್ವಲ್ಪ ನಿಂತ ಮೇಲೆ ಅಕ್ಕಿಗಂಜಿ, ಒಣ ಮಂಡಕ್ಕಿ, ರಸ್ಕ್, ಇಡ್ಲಿ ಒಗ್ಗುತ್ತವೆ. ಬಿಸಿ ಅಡುಗೆಯ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುವವರಿಗೆ ಆರಿದ ಆಹಾರ ಮೇಲು.

ಬೆಳಿಗ್ಗೆ ಹಲ್ಲುಜ್ಜುವಾಗ ನಾಲಿಗೆಯನ್ನು ಬುಡದವರೆಗೂ ಕೆರೆದು, ಬೆರಳು ಹಾಕಿ "ಪಿತ್ತ ತೆಗೆಯುವ" ರೂಢಿ ನಮ್ಮಲ್ಲಿ ಹಳೆಯದು. ಖಾಲಿ ಹೊಟ್ಟೆಯಲ್ಲಿ ಬಲವಂತವಾಗಿ ಓಕರಿಸಿದರೆ ಹಳದಿ ನೀರು ಯಾರಿಗಾದರೂ ಬರುತ್ತದೆ, ಅದು ಕಾಯಿಲೆಯ ಗುರುತೂ ಅಲ್ಲ, ಹೊರಹಾಕಬೇಕಾದ ಕೊಳೆಯೂ ಅಲ್ಲ. ಈ ಅಭ್ಯಾಸ ದಿನವೂ ಅನ್ನನಾಳಕ್ಕೆ ಹುಳಿ ಹಚ್ಚುತ್ತದೆ. ನನ್ನ ಅಕ್ಕನ ಮಗನಿಗೆ ಇದನ್ನು ಕಲಿಸಿದವರು ಅವನ ಅಜ್ಜ, ಅಂದರೆ ನಮ್ಮ ತಂದೆ; ಅವರ ಮೇಲಿನ ಗೌರವಕ್ಕೆ ಏನೂ ಕುಂದಿಲ್ಲ, ಆದರೆ ಬಿಡಲೇಬೇಕಾದ ರೂಢಿ ಇದು.

ಶುಂಠಿಗೆ ವಾಕರಿಕೆ ತಗ್ಗಿಸುವ ಗುಣವಿದೆ ಎಂಬುದು ಪ್ರಯೋಗಗಳಲ್ಲೂ ಕಂಡಿದೆ. ನಮ್ಮ ಜಿಲ್ಲೆಯ ಹೊಲಗಳಲ್ಲೇ ಬೆಳೆಯುವ ಹಸಿಶುಂಠಿಯ ಒಂದು ಸಣ್ಣ ತುಂಡನ್ನು ಜಜ್ಜಿ ಬಿಸಿನೀರಿನಲ್ಲಿ ಕುದಿಸಿ, ಆರಿಸಿ, ಗುಟುಕು ಗುಟುಕಾಗಿ ಕುಡಿಯಬಹುದು. ಹೆಚ್ಚು ಹಾಕಿದರೆ ಎದೆಯುರಿ ಇರುವವರಿಗೆ ಉರಿ ಏರುತ್ತದೆ, ಆದ್ದರಿಂದ ಘಾಟು ಬರುವಂಥ ಕಷಾಯ ಬೇಡ. ಇನ್ನೊಂದು ಉಪಾಯ ನಮ್ಮ ಅಂಗಡಿಗಳಲ್ಲಿ ಸಿಗುವ, ಇಂಜೆಕ್ಷನ್‌ಗೆ ಮುನ್ನ ಚರ್ಮ ಒರೆಸುವ ಸ್ಪಿರಿಟ್ ಸ್ವಾಬ್. ಅದನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಕೆಲವು ದೀರ್ಘ ಉಸಿರು ಎಳೆದರೆ ವಾಕರಿಕೆ ಇಳಿಯುತ್ತದೆ ಎಂದು ಆಸ್ಪತ್ರೆಗಳ ತುರ್ತುವಿಭಾಗಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ.

ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಅಥವಾ ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಮಾತ್ರ ಬರುವ ವಾಂತಿ ಹೊಟ್ಟೆಯ ಕಾಯಿಲೆಯಲ್ಲ. ಕಿವಿಯೊಳಗಿನ ಸಮತೋಲದ ಅಂಗ ಹೇಳುವುದಕ್ಕೂ ಕಣ್ಣು ಕಾಣುವುದಕ್ಕೂ ಹೊಂದಿಕೆಯಾಗದೆ ಅದು ಹುಟ್ಟುತ್ತದೆ. ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆಯನ್ನು ನೋಡುತ್ತ, ಮೊಬೈಲ್ ಒಳಗಿಟ್ಟು, ಹೊಟ್ಟೆಯನ್ನು ಖಾಲಿಯೂ ಬಿಡದೆ ತುಂಬಿಸಿಯೂ ಕೊಳ್ಳದೆ ಹೊರಟರೆ ಅರ್ಧ ತೊಂದರೆ ತಪ್ಪುತ್ತದೆ. ಪ್ರಯಾಣದ ವಾಂತಿಯ ಮಾತ್ರೆಗಳನ್ನು ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲೇ ನುಂಗಬೇಕು. ಅವು ನಿದ್ದೆ ತರಿಸುವುದರಿಂದ ಗಾಡಿ ಓಡಿಸುವವರು ನುಂಗಬಾರದು.

ಪರೀಕ್ಷೆಯ ದಿನ, ಸಂದರ್ಶನದ ದಿನ, ಮನೆಯಿಂದ ಫೋನು ಬಂದ ದಿನ ಮಾತ್ರ ವಾಕರಿಕೆ ಎಂದು ಪುಸ್ತಕ ತೋರಿಸಿದರೆ ಅದು ಮನಸ್ಸಿನ ಒತ್ತಡದ್ದು, ಹಾಗೆಂದು ಸುಳ್ಳಲ್ಲ. ಹೊಟ್ಟೆ ಉಬ್ಬುವಂತೆ ಮೂಗಿನಿಂದ ಉಸಿರೆಳೆದು ನಿಧಾನವಾಗಿ ಬಿಡುವ ಅಭ್ಯಾಸ ತೇಗಿಗೂ ಹುಳಿಗೂ ಒಳ್ಳೆಯದು. ಅಷ್ಟರಿಂದ ತೀರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ತೂಕದ ಭಯಕ್ಕೆ ಉಂಡದ್ದನ್ನು ತಾವೇ ವಾಂತಿ ಮಾಡಿಕೊಳ್ಳುವ ಮಕ್ಕಳೂ ಇದ್ದಾರೆ. ಅವರಿಗೆ ಬೇಕಿರುವುದು ಗದರಿಕೆಯಲ್ಲ, ವೈದ್ಯರ ನೆರವು.

ಮಾತ್ರೆಗಳನ್ನು ಅರಿತು ಬಳಸುವುದು

ಆಂಟಾಸಿಡ್ ಟಾನಿಕ್ ಆಗಲೇ ಇರುವ ಆಮ್ಲವನ್ನು ಕೆಲವೇ ನಿಮಿಷದಲ್ಲಿ ತಣಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಅದರ ಪರಿಣಾಮ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಊಟವಾಗಿ ಒಂದು ಗಂಟೆಯ ನಂತರ ಕುಡಿದರೆ ಎರಡು ಮೂರು ಗಂಟೆ ಉಳಿಯುತ್ತದೆ. ಮೆಗ್ನೀಸಿಯಂ ಇರುವುದು ಭೇದಿ ಮಾಡಿಸಬಹುದು, ಅಲ್ಯೂಮಿನಿಯಂ ಇರುವುದು ಮಲಬದ್ಧತೆ ತರಬಹುದು. ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ, ಡಾಕ್ಸಿಸೈಕ್ಲಿನ್ ನುಂಗುವವರು ಅವುಗಳಿಗೂ ಆಂಟಾಸಿಡ್‌ಗೂ ನಡುವೆ ಕೆಲವು ಗಂಟೆ ಬಿಡದಿದ್ದರೆ ಆ ಔಷಧಿಗಳು ಮೈಗೆ ಹತ್ತುವುದಿಲ್ಲ. ಆಲ್ಜಿನೇಟ್ ಇರುವ ಟಾನಿಕ್ ಜಠರದಲ್ಲಿನ ಆಹಾರದ ಮೇಲೆ ತೆಪ್ಪದಂತೆ ತೇಲಿ ಹುಳಿ ಮೇಲೇರದಂತೆ ತಡೆಯುತ್ತದೆ. ಅಪರೂಪಕ್ಕೆ ಉರಿ ಬರುವವರಿಗೆ ನನ್ನ ಮೊದಲ ಆಯ್ಕೆ ಅದೇ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬಗೆಯ ಮಾತ್ರೆಗಳ ವಿಷಯವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಅವುಗಳನ್ನು ನುಂಗುವವರಲ್ಲಿ ಬಹಳ ಮಂದಿ ತಪ್ಪಾಗಿ ನುಂಗುತ್ತಾರೆ. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಸೂಕ್ಷ್ಮ ಪಂಪುಗಳಿವೆ, ಊಟ ಬಂದಾಗ ಅವು ಚಾಲೂ ಆಗುತ್ತವೆ. ಈ ಮಾತ್ರೆ ಚಾಲೂ ಆದ ಪಂಪನ್ನು ಮಾತ್ರ ಕಟ್ಟಿಹಾಕುತ್ತದೆ, ಮತ್ತು ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಆದ್ದರಿಂದ ತಿಂಡಿಗೆ 30ರಿಂದ 60 ನಿಮಿಷ ಮೊದಲು, ಖಾಲಿ ಹೊಟ್ಟೆಯಲ್ಲಿ, ಅಗಿಯದೆ ಪುಡಿಮಾಡದೆ ನುಂಗಬೇಕು. ನಮ್ಮ ಹುಡುಗ ಐದು ತಿಂಗಳು ಮಾಡಿದ್ದು ಇದಕ್ಕೆ ತದ್ವಿರುದ್ಧ: ರಾತ್ರಿ ಉಂಡು, ಉರಿ ಬಂದ ಮೇಲೆ ನುಂಗುತ್ತಿದ್ದ. ಅದು ಉರಿ ಬಂದಾಗ ನುಂಗುವ ಮಾತ್ರೆಯಲ್ಲ. ಪೂರ್ಣ ಪರಿಣಾಮಕ್ಕೆ ಕೆಲವು ದಿನ ಬೇಕು, ಚಿಕಿತ್ಸೆ ಸಾಮಾನ್ಯವಾಗಿ 4ರಿಂದ 8 ವಾರ, ಅದೂ ವೈದ್ಯರ ಚೀಟಿಯ ಮೇಲೆ.

ಬಹಳ ದಿನ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಕಟ್ಟಿಹಾಕಿದ್ದ ಆಮ್ಲ ಕೆಲವು ದಿನ ಉಕ್ಕಿ ಬರುತ್ತದೆ. ಡೆನ್ಮಾರ್ಕಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೊದಲು ಯಾವ ಉರಿಯೂ ಇರದಿದ್ದ ಆರೋಗ್ಯವಂತರಿಗೆ 8 ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದಾಗ ಅವರಲ್ಲೂ ಬಹಳ ಮಂದಿಗೆ ಹೊಸದಾಗಿ ಉರಿ, ಹುಳಿತೇಗು ಕಾಣಿಸಿಕೊಂಡವು. ಇದನ್ನು ಅರಿಯದವರು "ಮಾತ್ರೆ ಇಲ್ಲದೆ ಆಗುವುದೇ ಇಲ್ಲ" ಎಂದು ಮತ್ತೆ ಶುರುಮಾಡುತ್ತಾರೆ. ವೈದ್ಯರನ್ನು ಕೇಳಿ ಪ್ರಮಾಣವನ್ನು ಅರ್ಧಕ್ಕಿಳಿಸಿ, ಆಮೇಲೆ ದಿನ ಬಿಟ್ಟು ದಿನ ನುಂಗಿ, ನಡುವಿನ ಉರಿಗೆ ಆಂಟಾಸಿಡ್ ಅಥವಾ ಆಮ್ಲ ತಗ್ಗಿಸುವ ಇನ್ನೊಂದು ಬಗೆಯ ಮಾತ್ರೆ ಫ್ಯಾಮೊಟಿಡಿನ್ ಬಳಸಿ, ಎರಡು ಮೂರು ವಾರ ತಾಳಿಕೊಂಡರೆ ಹೆಚ್ಚಿನವರು ದಾಟಿಬಿಡುತ್ತಾರೆ.

ಹೆಸರಿನ ಕೊನೆಗೆ ಡಿ ಅಥವಾ ಡಿಎಸ್ಆರ್ ಎಂದಿರುವ ಕ್ಯಾಪ್ಸೂಲ್‌ನಲ್ಲಿ ಡಾಂಪೆರಿಡೋನ್ ಎಂಬ ಎರಡನೇ ಔಷಧಿ ಇರುತ್ತದೆ. ಅದು ವಾಂತಿಗೆ ಒಳ್ಳೆಯದೇ, ಆದರೆ ಹೃದಯದ ಬಡಿತದ ಲಯ ಕೆಡಿಸುವ ಸಣ್ಣ ಅಪಾಯವಿರುವುದರಿಂದ ಯುರೋಪಿನ ಔಷಧಿ ನಿಯಂತ್ರಕರು 2014ರಲ್ಲಿ ಅದನ್ನು ಆದಷ್ಟು ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಕೊಡಬೇಕೆಂದರು. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್, ಫ್ಲುಕೊನಜೋಲ್ ಎಂಬ ಶಿಲೀಂಧ್ರ ಸೋಂಕಿನ ಔಷಧಿ, ಇವುಗಳ ಜೊತೆಗೆ ಅದು ಕೂಡದು. ತಿಂಗಳುಗಟ್ಟಲೆ ಈ ಕ್ಯಾಪ್ಸೂಲ್ ಕೇಳುವವರಿಗೆ ನಾನು ಈಗ ಚೀಟಿಯಿಲ್ಲದೆ ಕೊಡುವುದಿಲ್ಲ. ಮೊದಲು ಕೊಟ್ಟದ್ದರ ಬಗ್ಗೆ ವಿಷಾದವಿದೆ. ಮೆಟೊಕ್ಲೊಪ್ರಮೈಡ್ ಎಂಬ ವಾಂತಿಯ ಮಾತ್ರೆ ಹರೆಯದವರಲ್ಲಿ ಕೆಲವೊಮ್ಮೆ ಕತ್ತು, ದವಡೆ, ಕಣ್ಣು ತಿರುಚಿಕೊಳ್ಳುವಂತೆ ಮಾಡುತ್ತದೆ. ದೆವ್ವ ಹಿಡಿದಂತೆ ಕಂಡು ಮನೆಯವರು ಗಾಬರಿಯಾಗುತ್ತಾರೆ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಬೇಗ ಇಳಿಯುವಂಥದ್ದು ಅದು, ಯಾವ ಮಾತ್ರೆ ನುಂಗಿದರೆಂದು ಹೇಳುವುದನ್ನು ಮರೆಯಬಾರದು.

ವೈದ್ಯರ ಬಳಿ ಹೋಗುವಾಗ

ಊಟದ ಹೊತ್ತು, ಮಲಗುವ ರೀತಿ ಸರಿಪಡಿಸಿ ನಾಲ್ಕು ವಾರವಾದರೂ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಉರಿ ಬರುತ್ತಿದ್ದರೆ ಫಿಜಿಷಿಯನ್ ಬಳಿ ಹೋಗಬೇಕು. ಹಾಸನದವರಿಗೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯ ಹೊರರೋಗಿ ವಿಭಾಗ, ಚಿಕ್ಕಮಗಳೂರಿನವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ ಇದೆ. ಅಪಾಯದ ಗುರುತು ಇಲ್ಲದ ಹರೆಯದವರಿಗೆಲ್ಲ ಎಂಡೋಸ್ಕೋಪಿ ಬೇಕಾಗುವುದಿಲ್ಲ. ಉರಿಗಿಂತ ಮೇಲ್ಹೊಟ್ಟೆಯ ನೋವು ಮುಖ್ಯವಾಗಿದ್ದರೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ವೈದ್ಯರು ಹೇಳಬಹುದು. ಜಠರದ ಹುಣ್ಣಿಗೆ ಇದು ಮುಖ್ಯ ಕಾರಣವೆಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ಮಲದ ಅಥವಾ ಉಸಿರಿನ ಆ ಪರೀಕ್ಷೆಗೆ ಮುನ್ನ ಪ್ಯಾಂಟೊಪ್ರಜೋಲ್ ಬಗೆಯ ಮಾತ್ರೆ ಎರಡು ವಾರ, ಆಂಟಿಬಯಾಟಿಕ್ ನಾಲ್ಕು ವಾರ ನಿಂತಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ವರದಿ ಬರಬಹುದು. ಹಾಗಾಗಿ ಅಂಗಡಿಯಿಂದ ತಂದು ನುಂಗಿದ್ದನ್ನು ವೈದ್ಯರಿಂದ ಮುಚ್ಚಿಡಬಾರದು. ಬರೆದಿಟ್ಟ ಪುಸ್ತಕವನ್ನೂ, ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಕುಳಿತ ಕೂಡಲೇ ಮೇಜಿನ ಮೇಲಿಡಿ.